ಗಂಗಾಮೂಲದಲ್ಲಿ ಹುಟ್ಟಿ, ಚೌಪಾಟಿಯಲ್ಲಿ ಶಾಲೆ ತೆರೆದು, ಬೈಬಲ್ಲನ್ನು ಮನೆಮಾತಿಗೆ ತಂದ ಪಂಡಿತಾ ರಮಾಬಾಯಿ

ಮುಂಬೈನ ಗಾಮ್‌ದೇವಿ ಬಡಾವಣೆಯಲ್ಲಿ ಹ್ಯೂಸ್ ರಸ್ತೆಯಿಂದ ನಾನಾ ಚೌಕದ ಕಡೆಗೆ ಹೋಗುವ ರಸ್ತೆಗೆ ಪಂಡಿತಾ ರಮಾಬಾಯಿ ಮಾರ್ಗ ಎಂಬ ಹೆಸರಿದೆ. ಗಿರ್ಗಾಂವ್ ಚೌಪಾಟಿ ಅಲ್ಲಿಗೆ ಸಮೀಪ. ಬಾಲವಿಧವೆಯರಿಗೆ ಶಾಲೆ ತೆರೆದ ಸಮಾಜ ಸುಧಾರಕಿ ಎಂದೇ ಈ ಹೆಸರು ಹೆಚ್ಚು ಪರಿಚಿತ. ಆದರೆ ಆಕೆ ಹುಟ್ಟಿದ್ದು ಕರ್ನಾಟಕದ ಪಶ್ಚಿಮ ಘಟ್ಟದ ಕಾಡಿನಲ್ಲಿ. ಬದುಕಿನ ಕೊನೆಯ ಹದಿನೇಳು ಹದಿನೆಂಟು ವರ್ಷಗಳನ್ನು ಆಕೆ ಮೀಸಲಿಟ್ಟಿದ್ದು ಒಂದೇ ಒಂದು ಪುಸ್ತಕಕ್ಕೆ. ಅದು, ಓದು ಬಾರದ ಹಳ್ಳಿಯ ಹೆಂಗಸರಿಗೂ ಅರ್ಥವಾಗುವಂಥ ಮರಾಠಿ ಬೈಬಲ್.

ರಮಾಬಾಯಿ ಅವರ ಧಾರ್ಮಿಕ ಬದುಕಿನ ಮುಖ್ಯ ತಿರುವುಗಳೆಲ್ಲ ಬಂದದ್ದು ಪುಸ್ತಕಗಳಿಂದ. ಒಂದು ಪುಸ್ತಕ ಉಡುಗೊರೆಯಾಗಿ ಬಂತು, ಓದಲಾಗಲಿಲ್ಲ. ಇನ್ನೊಂದು ಮನೆಯಲ್ಲೇ ಸಿಕ್ಕಿತು, ಯಾರು ತಂದಿಟ್ಟರೋ ತಿಳಿಯಲಿಲ್ಲ. ಮತ್ತೊಂದು, ತಾನು ನಂಬಿದ್ದೇನು ಎಂಬುದನ್ನೇ ಮರುಪರೀಕ್ಷೆಗೆ ಒಡ್ಡಿತು. ಒಂದು ಪುಸ್ತಕ ಮನಸ್ಸಿಗೆ ಇಳಿಯಬೇಕಾದರೆ ಅದು ಓದುವವರ ಮನೆಮಾತಿನಲ್ಲಿರಬೇಕು ಎಂಬ ಪಾಠವನ್ನು ಈ ಮೂರೂ ಪುಸ್ತಕಗಳ ನಡುವೆ ಆಕೆ ಕಲಿತರು.

ಕಾಡಿನ ನಡುವೆ ಸಂಸ್ಕೃತ ಪಾಠ

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ದಟ್ಟ ಕಾಡು ಅದು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳ ಸಮೀಪದ ಮಾಳ ಪರಿಸರದ ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತ ವಿದ್ವಾಂಸರು. ಪುಣೆಯಲ್ಲಿ ಓದುತ್ತಿದ್ದಾಗ ಅವರ ಗುರುಗಳು ಪೇಶ್ವೆಯ ರಾಣಿಗೂ ಸಂಸ್ಕೃತ ಕಲಿಸುತ್ತಿದ್ದರು. ಹೆಣ್ಣೊಬ್ಬಳು ಶ್ಲೋಕ ಹೇಳುವುದನ್ನು ಕೇಳಿದ ಅನಂತ ಶಾಸ್ತ್ರಿಗಳಿಗೆ ತಮ್ಮ ಹೆಂಡತಿಗೂ ಕಲಿಸಬೇಕೆಂಬ ಆಸೆ ಹುಟ್ಟಿತು.

ಮೊದಲ ಹೆಂಡತಿಯ ಕಾಲದಲ್ಲಿ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ನಂತರ ಮದುವೆಯಾಗಿ ಬಂದ ಲಕ್ಷ್ಮೀಬಾಯಿಗೆ ಆಗ ಒಂಬತ್ತು ವರ್ಷ, ಶಾಸ್ತ್ರಿಗಳಿಗೆ ನಲವತ್ತು ದಾಟಿತ್ತು. ಆ ಕಾಲದ ಮದುವೆಗಳು ಹಾಗೆಯೇ ಇದ್ದವು. ಆದರೆ ಅವರು ಆಕೆಗೆ ಸಂಸ್ಕೃತ ಹೇಳಿಕೊಡಲು ಕುಳಿತದ್ದು ಮಾತ್ರ ಆ ಕಾಲಕ್ಕೆ ಒಗ್ಗದ ಸಂಗತಿ. ಊರವರು, ನೆಂಟರು ವಿರೋಧಿಸಿದರು. ಶಾಸ್ತ್ರಿಗಳು ಹಟ ಬಿಡದೆ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿ ಪಾಠ ಮುಂದುವರಿಸಿದರು.

ಹೀಗೆ ಕಲಿತ ತಾಯಿಯೇ ಮುಂದೆ ರಮಾಬಾಯಿಯ ಗುರು. ಮಗುವಿಗೆ ಆರು ತಿಂಗಳಾದಾಗ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಹೊತ್ತುಕೊಂಡು ಘಟ್ಟ ಇಳಿಸಿದ ಆ ಮಗು ಮುಂದೆ ಬಾಲ್ಯವನ್ನೆಲ್ಲ ಕಳೆದದ್ದು ದಾರಿಯಲ್ಲಿ, ದೇವಸ್ಥಾನದ ಅಂಗಳಗಳಲ್ಲಿ. ಬೆಳಗಿನ ಜಾವ ಎಬ್ಬಿಸಿ ತಾಯಿ ಬಾಯಿಪಾಠ ಹೇಳಿಸುತ್ತಿದ್ದರು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಭಾಗವತದ 18,000 ಶ್ಲೋಕಗಳು ಹುಡುಗಿಗೆ ಕಂಠಸ್ಥವಾಗಿದ್ದವು.

ಬರ, ಬೀದಿ, ಪುರಾಣ ವಾಚನ

ದೇವಸ್ಥಾನಗಳಲ್ಲಿ ಪುರಾಣ ಓದಿ, ಜನ ಕೊಟ್ಟ ಕಾಣಿಕೆಯಿಂದ ಬದುಕುವುದು ಈ ಕುಟುಂಬದ ವೃತ್ತಿಯಾಗಿತ್ತು. 1870ರ ದಶಕದ ಬರಗಾಲ ಅದನ್ನೂ ಕಿತ್ತುಕೊಂಡಿತು. ಕೂಲಿ ಕೇಳಲು ವಿದ್ವತ್ತು ಅಡ್ಡ ಬಂತು, ಭಿಕ್ಷೆ ಬೇಡಲು ಅಭಿಮಾನ ಅಡ್ಡ ಬಂತು. 1874ರಲ್ಲಿ ಹಸಿವು, ಕಾಯಿಲೆಗಳಿಂದ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ ಹೋದರು. ಆ ಮೇಲೆ ಅಕ್ಕನೂ ಉಳಿಯಲಿಲ್ಲ.

ಉಳಿದವರು ಹದಿನಾರರ ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ದೇಶದ ಉದ್ದಗಲ ಬರಿಗಾಲಲ್ಲಿ ನಡೆದರು. ಆ ನಡಿಗೆಯಲ್ಲಿ ಅವರಿಗೆ ದಕ್ಕಿದ ದೊಡ್ಡ ಆಸ್ತಿ ಭಾಷೆಗಳು. ಮನೆಮಾತು ಮರಾಠಿ, ಕಲಿಕೆಯ ಭಾಷೆ ಸಂಸ್ಕೃತ. ಅದರ ಜತೆಗೆ ಕನ್ನಡ, ಹಿಂದೂಸ್ತಾನಿ, ಬಂಗಾಳಿಗಳೂ ಕಿವಿಯಿಂದಲೇ ಬಂದವು. ಒಂದೇ ಮಾತು ಪಂಡಿತರ ಸಭೆಯಲ್ಲಿ ಒಂದು ಬಗೆಯಲ್ಲಿ, ಬಾವಿಕಟ್ಟೆಯಲ್ಲಿ ಇನ್ನೊಂದು ಬಗೆಯಲ್ಲಿ ಕೇಳಿಸುತ್ತದೆ ಎಂಬುದನ್ನು ದಾರಿಯೇ ಆಕೆಗೆ ಕಲಿಸಿತು.

ಓದಲಾಗದೆ ಉಳಿದ ಬೈಬಲ್

1878ರಲ್ಲಿ ಅಣ್ಣ ತಂಗಿ ಕೋಲ್ಕತ್ತ ತಲುಪಿದರು. ಇಪ್ಪತ್ತು ವರ್ಷದ ಹೆಣ್ಣುಮಗಳು ನಿರರ್ಗಳವಾಗಿ ಸಂಸ್ಕೃತ ಮಾತಾಡುವುದನ್ನು ಕಂಡ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ, ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದು ಕೊಟ್ಟರು. ಬ್ರಾಹ್ಮ ಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತು ಓದಲು ಹೇಳಿದರು. ಹೆಣ್ಣು ವೇದ ಓದಬಾರದೆಂದು ಕೇಳಿಕೊಂಡೇ ಬೆಳೆದ ಆಕೆಗೆ ಅದು ಬೇಲಿ ದಾಟಿದ ಅನುಭವ.

ಅದೇ ಊರಿನಲ್ಲಿ ಕ್ರೈಸ್ತರ ಕೂಟವೊಂದಕ್ಕೆ ಹೋದಾಗ ಸಂಸ್ಕೃತ ಬೈಬಲ್ ಉಡುಗೊರೆಯಾಗಿ ಸಿಕ್ಕಿತು. ಪುಸ್ತಕದ ಹೊರರೂಪ ಚೆನ್ನಾಗಿತ್ತು. ಆದರೆ ಸಂಸ್ಕೃತವನ್ನು ಅರೆದು ಕುಡಿದಿದ್ದ ರಮಾಬಾಯಿಗೆ ಅದು ಅರ್ಥವಾಗಲಿಲ್ಲ. ಅಲ್ಲಿನ ಸಂಸ್ಕೃತ ತಾನು ಓದಿದ ಗ್ರಂಥಗಳ ಸಂಸ್ಕೃತದಂತಿರಲಿಲ್ಲ, ಹೇಳುತ್ತಿದ್ದ ವಿಷಯವೂ ಹೊಸದು. ಸಮಯ ಹಾಳೆಂದು ಮುಚ್ಚಿಟ್ಟರು. ಆದರೂ ಆ ಪ್ರತಿಯನ್ನು ಮಾತ್ರ ಕೈಬಿಡದೆ ತಮ್ಮ ಬಳಿಯೇ ಇಟ್ಟುಕೊಂಡರು.

ಪವಿತ್ರ ಗ್ರಂಥವನ್ನು ಪಂಡಿತರ ಭಾಷೆಗೆ ತಂದರೆ ಪಂಡಿತರು ಓದುತ್ತಾರೆ ಎಂಬುದು ಅನುವಾದಕರ ಎಣಿಕೆ. ಅವರಿಗೆ ಸಿಕ್ಕ ಪಂಡಿತೆಯೇ ಅದನ್ನು ಓದಲಾರದೆ ಬಿಟ್ಟರು.

ಸಿಲ್ಚಾರ್ ಮನೆಯಲ್ಲಿ ಸಿಕ್ಕ ಪುಟ್ಟ ಪುಸ್ತಕ

1880ರಲ್ಲಿ ಅಣ್ಣ ಶ್ರೀನಿವಾಸ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನು ನೋಂದಣಿ ವಿವಾಹವಾದರು. ಜಾತಿ ಬೇರೆ, ಪ್ರಾಂತ ಬೇರೆ, ಭಾಷೆ ಬೇರೆ. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ ಹೂಡಿದರು.

ಆ ಮನೆಯ ಪುಸ್ತಕಗಳ ನಡುವೆ ಒಂದು ದಿನ ತೆಳ್ಳನೆಯ ಪುಸ್ತಕವೊಂದು ಕಣ್ಣಿಗೆ ಬಿತ್ತು. ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಅದು. ಅದು ಅಲ್ಲಿಗೆ ಹೇಗೆ ಬಂತೆಂದು ಆಕೆಗೆ ಕೊನೆಗೂ ತಿಳಿಯಲಿಲ್ಲ. ಸಂಸ್ಕೃತದ ದಪ್ಪ ಬೈಬಲ್ ಮಾಡಲಾಗದ್ದನ್ನು ಈ ಬಿಡಿ ಪುಸ್ತಕ ಮಾಡಿತು. ಅದು ದಿನವೂ ಗಂಡನೊಂದಿಗೆ, ನೆರೆಹೊರೆಯವರೊಂದಿಗೆ ಆಡುವ ಮಾತಿನಲ್ಲಿತ್ತು. ಬಡವರು, ರೋಗಿಗಳು, ಸಮಾಜ ದೂರವಿಟ್ಟ ಹೆಂಗಸರು ಆ ಕಥೆಗಳಲ್ಲಿದ್ದರು. ಆಕೆ ಆಸಕ್ತಿಯಿಂದ ಓದಿದರು. ಬ್ಯಾಪ್ಟಿಸ್ಟ್ ಮಿಷನರಿ ಐಸಾಕ್ ಅಲೆನ್ ಮನೆಗೆ ಬಂದು ಬೈಬಲ್ಲಿನ ಸೃಷ್ಟಿಕಥೆ ವಿವರಿಸುತ್ತಿದ್ದರು. ಹೆಂಡತಿ ಕ್ರೈಸ್ತಳಾಗುವುದು ಗಂಡನಿಗೆ ಇಷ್ಟವಿರಲಿಲ್ಲ, ಮಾತು ಅಲ್ಲಿಗೇ ನಿಂತಿತು.

1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, ಇಪ್ಪತ್ತಮೂರರ ವಯಸ್ಸಿನಲ್ಲಿ ರಮಾಬಾಯಿ ವಿಧವೆಯಾದರು.

ಮುಂಬೈ ಬಂದರಿನಿಂದ ಇಂಗ್ಲೆಂಡಿಗೆ

ಹಸುಗೂಸಿನೊಂದಿಗೆ ಪುಣೆಗೆ ಬಂದ ರಮಾಬಾಯಿ ಸುಮ್ಮನೆ ಕೂರಲಿಲ್ಲ. 1882ರಲ್ಲಿಯೇ ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಹಾಜರಾಗಿ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. 'ಸ್ತ್ರೀ ಧರ್ಮ ನೀತಿ' ಎಂಬ ಮರಾಠಿ ಪುಸ್ತಕ ಬರೆದರು. ಅದರ ಮಾರಾಟದಿಂದ ಬಂದ ಹಣ ಮುಂದೆ ಇಂಗ್ಲೆಂಡ್ ಪ್ರಯಾಣಕ್ಕೆ ಒದಗಿತು.

ಪುಣೆಯಲ್ಲಿ ಮಿಸ್ ಹರ್ಫರ್ಡ್ ಎಂಬ ಶಿಕ್ಷಕಿಯ ಬಳಿ ಇಂಗ್ಲಿಷ್ ಕಲಿಯುತ್ತ, ಮರಾಠಿ ಹೊಸ ಒಡಂಬಡಿಕೆಯನ್ನೂ ಓದಿದರು. ಕಾಶಿಯ ಪಂಡಿತ ಪರಂಪರೆಯಿಂದ ಬಂದು ಪಾದ್ರಿಯಾಗಿದ್ದ ನೆಹೆಮಿಯಾ ಗೋರೆ ಅವರ ಪರಿಚಯವಾದದ್ದೂ ಆಗಲೇ. ತನ್ನ ಪ್ರಶ್ನೆಗಳಿಗೆ ತನ್ನದೇ ಶಾಸ್ತ್ರಭಾಷೆಯಲ್ಲಿ ಉತ್ತರ ಕೊಡಬಲ್ಲ ಕ್ರೈಸ್ತರೊಬ್ಬರು ಆಕೆಗೆ ಸಿಕ್ಕಂತಾಯಿತು.

ವೈದ್ಯಶಾಸ್ತ್ರ ಕಲಿಯುವ ಆಸೆಯಿಂದ 1883ರಲ್ಲಿ ಮಗಳೊಂದಿಗೆ ಮುಂಬೈ ಬಂದರಿನಿಂದ ಹಡಗು ಹತ್ತಿದರು. ಕಿವಿ ಮಂದವಾಗಿದ್ದರಿಂದ ವೈದ್ಯೆಯಾಗುವ ಆಸೆ ಈಡೇರಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಉಳಿದುಕೊಂಡು, ಅದೇ ವರ್ಷ ಸೆಪ್ಟೆಂಬರ್ 29ರಂದು ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಸುದ್ದಿ ತಾಯ್ನಾಡಿನಲ್ಲಿ ದೊಡ್ಡ ಕೋಲಾಹಲ ಎಬ್ಬಿಸಿತು. ಬಿರುದು ಕೊಟ್ಟು ಮೆರೆಸಿದ ಸಮಾಜಕ್ಕೆ ಅದು ವಿಶ್ವಾಸದ್ರೋಹವಾಗಿ ಕಂಡಿತು.

ಇತ್ತ ದೀಕ್ಷೆ ಕೊಟ್ಟ ಚರ್ಚಿಗೂ ಆಕೆ ಸುಲಭದ ಶಿಷ್ಯೆಯಾಗಲಿಲ್ಲ. ಹಿರಿಯರು ಹೇಳಿದ್ದನ್ನು ಹಾಗೆಯೇ ಒಪ್ಪದೆ, ಬೈಬಲ್ಲನ್ನು ತಾನೇ ಓದಿ ನಿರ್ಧರಿಸುವೆನೆಂದು ಪತ್ರಗಳಲ್ಲಿ ವಾದಿಸಿದರು. ಶಿಲುಬೆಯ ಮೇಲಿನ ಬರಹ ಲ್ಯಾಟಿನ್‌ನಲ್ಲಿ ಏಕಿರಬೇಕು, ಭಾರತದವಳಿಗೆ ಸಂಸ್ಕೃತದಲ್ಲಿ ಏಕಿರಬಾರದು ಎಂಬ ಪ್ರಶ್ನೆಯನ್ನೂ ಎತ್ತಿದರು. ಧರ್ಮ ಬದಲಿಸಿದ್ದೇನೆ, ಭಾಷೆಯನ್ನಲ್ಲ ಎಂಬುದು ಆಕೆಯ ನಿಲುವು. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಆಕೆ ಕಲಿಯುತ್ತಲೇ ಸಂಸ್ಕೃತ ಕಲಿಸಿದರು.

ಮಕ್ಕಳ ಪುಸ್ತಕದ ಚಿಂತೆ

1886ರಲ್ಲಿ ಆನಂದಿಬಾಯಿ ಜೋಶಿ ಅವರ ವೈದ್ಯ ಪದವಿ ಪ್ರದಾನ ಸಮಾರಂಭಕ್ಕಾಗಿ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ ಅಲ್ಲಿ ಸುಮಾರು ಮೂರು ವರ್ಷ ಉಳಿದರು. ಭಾರತದ ಮೇಲ್ಜಾತಿಯ ಹೆಣ್ಣುಮಕ್ಕಳ, ಅದರಲ್ಲೂ ಬಾಲವಿಧವೆಯರ ಪಾಡನ್ನು ವಿವರಿಸುವ 'ದಿ ಹೈ ಕಾಸ್ಟ್ ಹಿಂದೂ ವುಮನ್' ಪುಸ್ತಕ 1887ರಲ್ಲಿ ಪ್ರಕಟವಾಗಿ ಸಾವಿರಾರು ಪ್ರತಿ ಮಾರಾಟವಾಯಿತು. ಬಾಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ರಚನೆಯಾಗಿ, ವಿಧವೆಯರ ಶಾಲೆಗೆ ಹತ್ತು ವರ್ಷ ನೆರವು ನೀಡುವ ಭರವಸೆ ಕೊಟ್ಟಿತು.

ಅಲ್ಲಿ ಆಕೆ ಮಾಡಿದ ಇನ್ನೊಂದು ಕೆಲಸ ಅಷ್ಟಾಗಿ ಸುದ್ದಿಯಾಗಲಿಲ್ಲ. ಫ್ರೋಬೆಲ್ ಪದ್ಧತಿಯ ಶಿಶುವಿಹಾರ ಶಿಕ್ಷಣಕ್ಕೆ ಸೇರಿ, ಆಟ, ಚಿತ್ರ, ಕೈಕೆಲಸಗಳ ಮೂಲಕ ಕಲಿಸುವ ಬಗೆಯನ್ನು ಅಭ್ಯಾಸ ಮಾಡಿದರು. ಮರಾಠಿ ಮಕ್ಕಳಿಗೆಂದು ಪಾಠಪುಸ್ತಕಗಳನ್ನು ಸಿದ್ಧಪಡಿಸಲು ತೊಡಗಿದರು. ಅರ್ಥ ತಿಳಿಯುವ ಮೊದಲೇ ಸಾವಿರಾರು ಶ್ಲೋಕ ಬಾಯಿಪಾಠ ಮಾಡಿ ಬೆಳೆದ ಹೆಣ್ಣುಮಗಳು ತನ್ನ ವಿದ್ಯಾರ್ಥಿನಿಯರಿಗೆ ಬೇರೆ ದಾರಿ ಹುಡುಕುತ್ತಿದ್ದರು.

ಚೌಪಾಟಿಯಲ್ಲಿ ಶಾರದಾ ಸದನ

1889ರ ಫೆಬ್ರವರಿ 1ರಂದು ರಮಾಬಾಯಿ ಮುಂಬೈಗೆ ಮರಳಿದರು. ಮಾರ್ಚ್ 11ರಂದು ಚೌಪಾಟಿ ಸಮೀಪದ ಮನೆಯೊಂದರಲ್ಲಿ ಶಾರದಾ ಸದನ ಆರಂಭವಾಯಿತು. ಶುರುವಿನಲ್ಲಿ ಇದ್ದವರು ಒಬ್ಬಿಬ್ಬರು ವಿದ್ಯಾರ್ಥಿನಿಯರಷ್ಟೇ. ಅವರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಒಬ್ಬರು. ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆ ಅವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆ ಎಂದು ಹೆಸರಾದದ್ದು ಇದೇ ಹೆಣ್ಣುಮಗಳು. ಕರ್ವೆಯವರು 1916ರಲ್ಲಿ ಕಟ್ಟಿದ ಮಹಿಳಾ ವಿಶ್ವವಿದ್ಯಾಲಯ ಇಂದು ಎಸ್‌ಎನ್‌ಡಿಟಿ ಎಂಬ ಹೆಸರಿನಲ್ಲಿ ಮುಂಬೈನ ಚರ್ಚ್‌ಗೇಟ್‌ನಿಂದ ಉಪನಗರ ಜುಹೂವರೆಗೆ ಹರಡಿಕೊಂಡಿದೆ.

ಶಾರದಾ ಸದನದಲ್ಲಿ ಯಾರಿಗೂ ಧರ್ಮಬೋಧನೆ ಇರುವುದಿಲ್ಲ ಎಂಬುದು ಒಪ್ಪಂದ. ವಿಧವೆಯರು ತಮ್ಮ ಊಟ, ವ್ರತ, ಜಾತಿಯ ಕಟ್ಟುಪಾಡುಗಳನ್ನು ಉಳಿಸಿಕೊಂಡೇ ಓದಬಹುದಿತ್ತು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಅವರಂಥ ಗಣ್ಯರು ಸಲಹೆಗೆ ನಿಂತರು. ಆ ವರ್ಷದ ಕೊನೆಯಲ್ಲಿ ಮುಂಬೈಯಲ್ಲೇ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಮಹಿಳಾ ಪ್ರತಿನಿಧಿಗಳು ಕಾಣಿಸಿಕೊಂಡರು. ರಮಾಬಾಯಿ ಅವರಲ್ಲೊಬ್ಬರು.

ಅಚ್ಚಿನ ಮನೆಗಳ ಮುಂಬೈ

ಆ ಹೊತ್ತಿಗೆ ಮುಂಬೈ ಮರಾಠಿ ಕ್ರೈಸ್ತ ಪುಸ್ತಕಗಳ ದೊಡ್ಡ ಕೇಂದ್ರವಾಗಿತ್ತು. ಅಮೆರಿಕನ್ ಮಿಷನ್‌ನವರು 1813ರಲ್ಲಿ ಇಲ್ಲಿಗೆ ಬಂದು, ಕೆಲವೇ ವರ್ಷಗಳಲ್ಲಿ ಅಚ್ಚುಕೂಟ ಹಾಕಿದ್ದರು. ಮರಾಠಿ ಹೊಸ ಒಡಂಬಡಿಕೆ 1826ರಲ್ಲಿ, ಇಡೀ ಬೈಬಲ್ 1847ರಲ್ಲಿ ಹೊರಬಂದಿತ್ತು. ಕನ್ನಡಕ್ಕೆ ಬೈಬಲ್ ತರಲು ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ದುಡಿದದ್ದೂ, ಮಂಗಳೂರಿನ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣಾಲಯ ತೆರೆದದ್ದೂ ಇದೇ ಅವಧಿಯಲ್ಲಿ.

ಮುಂಬೈಯ ಅಮೆರಿಕನ್ ಮಿಷನ್ ಅಚ್ಚುಕೂಟದಲ್ಲಿ ದೇವನಾಗರಿ ಅಚ್ಚುಮೊಳೆಯ ಕೆಲಸ ಕಲಿತ ಜಾವಜಿ ದಾದಾಜಿ ಮುಂದೆ ನಿರ್ಣಯಸಾಗರ ಮುದ್ರಣಾಲಯ ಕಟ್ಟಿದರು. ನಮ್ಮ ಸಂಸ್ಕೃತ ವಿದ್ವಾಂಸರ ಮನೆಗಳಲ್ಲಿ ಇಂದಿಗೂ ಕಾಣುವ ನಿರ್ಣಯಸಾಗರದ ಗ್ರಂಥಗಳ ಹಿನ್ನೆಲೆ ಇದು. ರಮಾಬಾಯಿ ಅಮೆರಿಕದ ಜನಜೀವನ ಕುರಿತು ಮರಾಠಿಯಲ್ಲಿ ಬರೆದ ಪ್ರವಾಸ ಪುಸ್ತಕ 1889ರಲ್ಲಿ ಅಚ್ಚಾದದ್ದೂ ಅಲ್ಲಿಯೇ.

ಈ ಪುಸ್ತಕಲೋಕದಲ್ಲಿ ಕರ್ನಾಟಕ ಮೂಲದ ಇನ್ನೊಂದು ಹೆಸರೂ ಇತ್ತು. ಬೆಳಗಾವಿಯಲ್ಲಿ 1831ರಲ್ಲಿ ಹುಟ್ಟಿ, 1854ರಲ್ಲಿ ಕ್ರೈಸ್ತರಾದ ಬಾಬಾ ಪದಮನಜಿ ಅವರದು. ವಿಧವೆಯರ ಸಂಕಟವನ್ನು ಕಥೆಯಾಗಿಸಿದ ಅವರ 'ಯಮುನಾ ಪರ್ಯಟನ' 1857ರಲ್ಲಿ ಪ್ರಕಟವಾಯಿತು. ಅದನ್ನು ಮರಾಠಿಯ ಮೊದಲ ಕಾದಂಬರಿ ಎಂದು ಗುರುತಿಸುತ್ತಾರೆ. ಮುಂಬೈಯ ಟ್ರ್ಯಾಕ್ಟ್ ಅಂಡ್ ಬುಕ್ ಸೊಸೈಟಿಗಾಗಿ ಅವರು ವರ್ಷಗಳ ಕಾಲ ಬರೆದರು, ತಿದ್ದಿದರು, ಸಂಪಾದಿಸಿದರು.

ಅಂದರೆ ಪುಸ್ತಕಗಳಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಭಾಷೆಯಲ್ಲಿ. ಬೈಬಲ್ ಅನುವಾದ ಸಂಸ್ಕೃತದ ಭಾರ ಹೊತ್ತಿತ್ತು. ಶಾಲೆ ಕಲಿತ ನಗರದ ಓದುಗರಿಗೆ ಅದು ಗೌರವದ ಭಾಷೆ, ಅಕ್ಷರ ಈಗಷ್ಟೇ ಕಲಿತ ಹೆಂಗಸಿಗೆ ಬಿಡಿಸಲಾಗದ ಒಗಟು.

ಪಾದ್ರಿಯೊಬ್ಬರ ಆತ್ಮಕಥೆ

1890ರ ಕೊನೆಗೆ ಶಾರದಾ ಸದನ ಪುಣೆಗೆ ಸ್ಥಳಾಂತರವಾಯಿತು. ಮುಂಬೈಯಲ್ಲಿ ಖರ್ಚು ಹೆಚ್ಚು, ಪುಣೆಯಲ್ಲಿ ಬಾಲವಿಧವೆಯರು ಹೆಚ್ಚು.

ಈ ವೇಳೆಗೆ ರಮಾಬಾಯಿ ಒಳಗೊಳಗೇ ಕಳವಳದಲ್ಲಿದ್ದರು. ದೀಕ್ಷೆ ಪಡೆದು ಸುಮಾರು ಎಂಟು ವರ್ಷವಾಗಿತ್ತು. ಆಗ ಕೈಗೆ ಸಿಕ್ಕಿದ್ದು ಇಂಗ್ಲೆಂಡಿನ ಪಾದ್ರಿ ವಿಲಿಯಂ ಹ್ಯಾಸ್ಲಮ್ ಬರೆದ ಆತ್ಮಕಥೆ 'ಫ್ರಮ್ ಡೆತ್ ಇಂಟು ಲೈಫ್'. ವರ್ಷಗಳ ಕಾಲ ಚರ್ಚಿನ ಸೇವೆ ಮಾಡಿದ ಹ್ಯಾಸ್ಲಮ್, ತಮ್ಮದೇ ಪ್ರವಚನದ ನಡುವೆ ತಮ್ಮಲ್ಲಿ ನಿಜವಾದ ನಂಬಿಕೆ ಇನ್ನೂ ಹುಟ್ಟಿರಲಿಲ್ಲವೆಂದು ಕಂಡುಕೊಂಡ ಕಥೆ ಅದರಲ್ಲಿದೆ. ರಮಾಬಾಯಿಗೆ ಕನ್ನಡಿ ಹಿಡಿದಂತಾಯಿತು. ತಾನು ಕ್ರೈಸ್ತ ಮತವನ್ನು ಒಪ್ಪಿದ್ದೇನೆ, ಕ್ರಿಸ್ತನನ್ನು ಕಂಡಿಲ್ಲ ಎಂಬ ಅರಿವು ಮೂಡಿತು. ಅಲ್ಲಿಂದ ಆಕೆಯ ನಂಬಿಕೆ ತರ್ಕದ ಗೆರೆ ದಾಟಿ ಅಂತರಂಗದ ಅನುಭವವಾಯಿತು ಎಂಬುದನ್ನು ಆಕೆಯೇ ಮುಂದೆ ದಾಖಲಿಸಿದ್ದಾರೆ.

ತೆರೆದ ಬಾಗಿಲು, ಎದ್ದ ಬಿರುಗಾಳಿ

ಆ ಬದಲಾವಣೆಗೆ ಬೆಲೆ ತೆರಬೇಕಾಯಿತು. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂರತೊಡಗಿದರು. ಒತ್ತಾಯ ಮಾಡಿಲ್ಲ, ಆದರೆ ಬಾಗಿಲನ್ನೂ ಮುಚ್ಚಲಾರೆ ಎಂಬುದು ಆಕೆಯ ವಾದ. ಧರ್ಮಬೋಧನೆ ಇಲ್ಲವೆಂಬ ಮಾತು ಮುರಿದಂತಾಯಿತು ಎಂಬುದು ಸಲಹೆಗಾರರ ದೂರು. ಮಕ್ಕಳನ್ನು ನಂಬಿ ಕಳುಹಿಸಿದ ಮನೆಯವರ ಆತಂಕವನ್ನೂ ತಳ್ಳಿಹಾಕುವಂತಿರಲಿಲ್ಲ.

1893ರಲ್ಲಿ ರಾನಡೆ, ಭಂಡಾರ್ಕರ್ ಅವರು ಸದನದ ಸಂಬಂಧ ಕಡಿದುಕೊಂಡರು. ಬಾಲಗಂಗಾಧರ ತಿಲಕರ 'ಕೇಸರಿ' ಪತ್ರಿಕೆ ಕಟುವಾಗಿ ಟೀಕಿಸಿತು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೈಜೋಡಿಸಿದ್ದ ಸುಧಾರಕರ ಬೆಂಬಲ ಆಕೆಗೆ ಮತ್ತೆಂದೂ ಹಾಗೆ ಸಿಗಲಿಲ್ಲ. ಮಹಾರಾಷ್ಟ್ರದ ಸಾರ್ವಜನಿಕ ಬದುಕಿನಲ್ಲಿ ಆಕೆ ಬಹುಮಟ್ಟಿಗೆ ಒಂಟಿಯಾದರು.

ಕೇಡಗಾಂವ್‌ನ ಮುಕ್ತಿ

1896ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರ ಬಂತು. ಬಾಲ್ಯದ ಹಸಿವು ಮರೆತಿರದ ರಮಾಬಾಯಿ ತಾವೇ ಅಲ್ಲಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಹಬ್ಬಿದ್ದರಿಂದ ಅವರನ್ನು ಸುಮಾರು 55 ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ತಾವು ಕೊಂಡಿದ್ದ ಜಮೀನಿಗೆ ಸಾಗಿಸಿದರು. ಅಲ್ಲಿ ಬೆಳೆದದ್ದೇ ಮುಕ್ತಿ ಆಶ್ರಮ. 1900ರ ಗುಜರಾತ್ ಬರಗಾಲದ ನಂತರ ಅಲ್ಲಿದ್ದವರ ಸಂಖ್ಯೆ ಸುಮಾರು 2,000 ಮುಟ್ಟಿತು.

ಈಗ ಬಂದವರು ಪುಣೆಯ ಬ್ರಾಹ್ಮಣ ವಿಧವೆಯರಲ್ಲ. ನಾನಾ ಜಾತಿಯ, ನಾನಾ ಊರಿನ, ಎಂದೂ ಶಾಲೆ ಕಾಣದ ಹುಡುಗಿಯರು. ಅವರಿಗೆ ಅಕ್ಷರ ಕಲಿಸಲಾಯಿತು. ನೇಯ್ಗೆ, ಹೊಲಿಗೆ, ಹೈನು, ಬೇಸಾಯ ಹೇಳಿಕೊಡಲಾಯಿತು. ಅಂಧ ಹುಡುಗಿಯರು ಬೆರಳಿನಿಂದ ಬ್ರೈಲ್ ಓದಲು ಕಲಿತರು. 1910ರ ದಶಕದ ಆರಂಭದಲ್ಲಿ ಆಗಿನ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾದಲ್ಲೂ, ಅಂದರೆ ಇಂದಿನ ಕಲಬುರಗಿಯಲ್ಲೂ ಒಂದು ಶಾಲೆ ಆರಂಭವಾಯಿತು. ಅದರ ಹೊಣೆ ಹೊತ್ತವರು ಮಗಳು ಮನೋರಮಾ.

ಅಕ್ಷರ ಕಲಿತ ಈ ಹುಡುಗಿಯರ ಕೈಗೆ ಮರಾಠಿ ಬೈಬಲ್ ಕೊಟ್ಟಾಗ, ಕೋಲ್ಕತ್ತದಲ್ಲಿ ಸಂಸ್ಕೃತ ಬೈಬಲ್ ಹಿಡಿದು ಕುಳಿತಿದ್ದ ರಮಾಬಾಯಿಯ ಕಷ್ಟವೇ ಅವರಿಗೂ ಎದುರಾಯಿತು. ಅಕ್ಷರ ಓದಬಲ್ಲರು, ಅರ್ಥ ಹತ್ತದು. ಹಲವು ಪದಗಳು ಪಂಡಿತರದ್ದು. ಇನ್ನು ಕೆಲವು ಪದಗಳಿಗೆ ಹಿಂದೂ ಶಾಸ್ತ್ರಗಳಲ್ಲಿ ಬೇರೆಯದೇ ಅರ್ಥವಿತ್ತು. ಎರಡೂ ಪರಂಪರೆಗಳನ್ನು ಬಲ್ಲ ರಮಾಬಾಯಿಗೆ ಈ ಗೊಂದಲ ಚೆನ್ನಾಗಿ ಕಾಣುತ್ತಿತ್ತು.

ಸಂಸ್ಕೃತ ಪಂಡಿತೆಯ ಸರಳ ಮರಾಠಿ

ಹೀಗೆ 20ನೇ ಶತಮಾನದ ಮೊದಲ ದಶಕದಲ್ಲಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಆಕೆ ಇಡೀ ಬೈಬಲ್ಲನ್ನು ಹೊಸದಾಗಿ ಅನುವಾದಿಸಲು ಕುಳಿತರು. ಇಂಗ್ಲಿಷ್‌ನಿಂದ ಅನುವಾದಿಸುವುದು ಸುಲಭವಿತ್ತು. ಆಕೆ ಆ ದಾರಿ ಹಿಡಿಯಲಿಲ್ಲ. ಹಳೆಯ ಒಡಂಬಡಿಕೆಗಾಗಿ ಹೀಬ್ರೂ, ಹೊಸ ಒಡಂಬಡಿಕೆಗಾಗಿ ಗ್ರೀಕ್ ಕಲಿತರು.

ಭಾಗವತವನ್ನು ಬಾಯಿಪಾಠ ಮಾಡಿದ್ದ, ಸಂಸ್ಕೃತದಲ್ಲೇ ಬಿರುದು ಪಡೆದಿದ್ದ ಪಂಡಿತೆ, ತನ್ನ ಪುಸ್ತಕದಿಂದ ಕಠಿಣ ಸಂಸ್ಕೃತ ಪದಗಳನ್ನು ಆಯ್ದು ಆಯ್ದು ಹೊರಗಿಟ್ಟರು. ಅಡುಗೆಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಬಳಕೆಯಲ್ಲಿರುವ ಮಾತು ಸಿಕ್ಕರೆ ಅದನ್ನೇ ಬಳಸಿದರು. ತನಗೆ ಅತ್ಯಂತ ಸುಲಭವಾಗಿ ಬರುವ ಭಾಷೆಯನ್ನು ಬೇರೆಯವರಿಗಾಗಿ ಬದಿಗಿಡುವುದು ವಿದ್ವಾಂಸರಿಗೆ ಸಣ್ಣ ಕೆಲಸವಲ್ಲ.

ಪುಸ್ತಕ ಅಚ್ಚಾದದ್ದೂ ಮುಕ್ತಿಯ ಸ್ವಂತ ಮುದ್ರಣಾಲಯದಲ್ಲಿ. ಅಚ್ಚುಮೊಳೆ ಜೋಡಿಸಿದವರು, ಹಾಳೆ ಮಡಚಿದವರು, ಹೊಲಿದು ಕಟ್ಟಿದವರು ಅಲ್ಲಿನ ಹೆಂಗಸರೇ. ಬರಗಾಲದಲ್ಲಿ ಬೀದಿಯಿಂದ ಬಂದವರು, ಗಂಡ ಸತ್ತನೆಂದು ಮನೆಯವರು ಮೂಲೆಗೆ ತಳ್ಳಿದವರು ಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದರು. ಯಾರಿಗಾಗಿ ಪುಸ್ತಕ ಸಿದ್ಧವಾಗುತ್ತಿತ್ತೋ ಅವರೇ ಅದರ ಮುದ್ರಕರೂ ಆದರು.

ಬೈಬಲ್ಲನ್ನು ಪೂರ್ತಿಯಾಗಿ ಒಬ್ಬ ಮಹಿಳೆಯೇ ಅನುವಾದಿಸಿದ ಉದಾಹರಣೆಗಳು ಜಗತ್ತಿನಲ್ಲೇ ವಿರಳ. ಅಮೆರಿಕದ ಜೂಲಿಯಾ ಸ್ಮಿತ್ ಅವರ ಇಂಗ್ಲಿಷ್ ಅನುವಾದ 1876ರಲ್ಲಿ ಪ್ರಕಟವಾಗಿತ್ತು. ಆ ಸಾಲಿನಲ್ಲಿ ನಿಲ್ಲುವ ಹೆಸರು ರಮಾಬಾಯಿ ಅವರದು.

ಕೊನೆಯ ಪ್ರೂಫ್

ರಮಾಬಾಯಿಗೆ ಕೇಳುವ ಶಕ್ತಿ ಬಹುತೇಕ ಹೋಗಿತ್ತು. 1919ರಲ್ಲಿ ಬ್ರಿಟಿಷ್ ಸರ್ಕಾರ ಕೈಸರ್ ಇ ಹಿಂದ್ ಪದಕ ನೀಡಿತು. 1921ರ ಜುಲೈಯಲ್ಲಿ ಮಗಳು ಮನೋರಮಾ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಸಂಸ್ಥೆಯನ್ನು ವಹಿಸಿಕೊಳ್ಳಬೇಕಾಗಿದ್ದ, ಉಳಿದ ಏಕೈಕ ರಕ್ತಸಂಬಂಧಿ ಆಕೆ. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಇಪ್ಪತ್ತನಾಲ್ಕು ತುಂಬುವ ಮುನ್ನವೇ ಕಳೆದುಕೊಂಡಿದ್ದ ರಮಾಬಾಯಿಗೆ ಅರವತ್ತಮೂರರಲ್ಲಿ ಮಗಳ ಸಾವನ್ನೂ ನೋಡಬೇಕಾಯಿತು.

ಆ ನಂತರವೂ ಪ್ರೂಫ್ ತಿದ್ದುವ ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿ ಕೇಡಗಾಂವ್‌ನಲ್ಲಿ ಕೊನೆಯುಸಿರೆಳೆದರು. ಬೈಬಲ್ಲಿನ ಕೊನೆಯ ಪ್ರೂಫ್ ತಿದ್ದಿ ಮುಗಿಸಿದ ಬೆನ್ನಿಗೇ ಆಕೆ ತೀರಿಕೊಂಡರೆಂದು ಮುಕ್ತಿಯಲ್ಲಿ ಇಂದಿಗೂ ಹೇಳುತ್ತಾರೆ. ಪೂರ್ಣ ಬೈಬಲ್ ಹೊರಬಂದದ್ದು ಎರಡು ವರ್ಷಗಳ ನಂತರ, 1924ರಲ್ಲಿ.

ಚರ್ಚು ಬಳಸಲಿಲ್ಲ, ಪ್ರಶ್ನೆ ಉಳಿಯಿತು

ಇಷ್ಟು ಶ್ರಮದ ಫಲ ಏನು? ಮರಾಠಿ ಚರ್ಚುಗಳಲ್ಲಿ ಬಳಕೆಯಲ್ಲಿ ಉಳಿದದ್ದು ಬೈಬಲ್ ಸೊಸೈಟಿಯ ಅನುವಾದವೇ. ರಮಾಬಾಯಿ ಬೈಬಲ್ ಆ ಜಾಗಕ್ಕೆ ಬರಲಿಲ್ಲ. ಒಬ್ಬರೇ ಮಾಡಿದ ಕೆಲಸಕ್ಕೆ ಸಂಸ್ಥೆಗಳ ಬೆಂಬಲ ಸಿಗುವುದು ಕಷ್ಟ. ಪೀಠದಿಂದ ಓದಲು ಗಂಭೀರ ಭಾಷೆಯೇ ಬೇಕೆಂಬ ಅಭ್ಯಾಸವೂ ಬಲವಾಗಿತ್ತು. ಆ ಲೆಕ್ಕದಲ್ಲಿ ಅದು ಗೆದ್ದ ಪುಸ್ತಕವಲ್ಲ.

ಆದರೆ ಆ ಪುಸ್ತಕ ಎತ್ತಿದ ಪ್ರಶ್ನೆ ಹಳೆಯದಾಗಿಲ್ಲ. ಮನೆಯಲ್ಲಿ ಹಿರಿಯರಿಗೂ ಮಕ್ಕಳಿಗೂ ನಂಬಿಕೆಯ ಪುಸ್ತಕ ಆರಿಸುವವರು ಯಾವ ಧರ್ಮದವರೇ ಆಗಲಿ, ಅಜ್ಜಿಗೆ ಇದು ಅರ್ಥವಾದೀತೇ, ಮಗು ಇದನ್ನು ತಾನೇ ಓದೀತೇ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಮುಂಬೈಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗಂತೂ ಇದು ನಿತ್ಯದ ಮಾತು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಕಪಾಟಿನಲ್ಲಿರುವ ದೊಡ್ಡ ಗ್ರಂಥಕ್ಕಿಂತ, ತಿಳಿಯುವ ಮಾತಿನಲ್ಲಿರುವ ತೆಳ್ಳನೆಯ ಪುಸ್ತಕ ಹೆಚ್ಚು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಸಿಲ್ಚಾರ್‌ನ ಆ ಬಂಗಾಳಿ ಸುವಾರ್ತೆಯೇ ಸಾಕ್ಷಿ.

1989ರಲ್ಲಿ ಭಾರತೀಯ ಅಂಚೆ ಇಲಾಖೆ ರಮಾಬಾಯಿ ಅವರ ಅಂಚೆಚೀಟಿ ಹೊರತಂದಿತು. ಮುಕ್ತಿ ಸಂಸ್ಥೆ ಕೇಡಗಾಂವ್‌ನಲ್ಲಿ ಇಂದಿಗೂ ನಿರ್ಗತಿಕ ಹೆಣ್ಣುಮಕ್ಕಳಿಗೆ ಆಸರೆಯಾಗಿದೆ. ಹೆಂಡತಿಗೆ ಅಕ್ಷರ ಕಲಿಸಲು ತಂದೆಯೊಬ್ಬರು ಗಂಗಾಮೂಲದ ಕಾಡು ಸೇರಿದ್ದರು. ಆ ಹೆಂಡತಿ ಮಗಳಿಗೆ ಕಲಿಸಿದರು, ಆ ಮಗಳು ಸಾವಿರಾರು ಹೆಣ್ಣುಮಕ್ಕಳಿಗೆ ಕಲಿಸಿ, ಅವರು ಓದಬಲ್ಲ ಪುಸ್ತಕವನ್ನು ಅವರ ಕೈಯಿಂದಲೇ ಅಚ್ಚು ಹಾಕಿಸಿದರು.